ಕೈಯಲ್ಲೇ ಬಿಚ್ಚಬಹುದಾದ ಕೊಂಡಿ: ಸಾಗಣೆ ಸರಪಳಿಯ ಕಥೆ

ಮಂಡ್ಯ ಜಿಲ್ಲೆಯ ಕೃಷ್ಣರಾಜಪೇಟೆ ತಾಲ್ಲೂಕಿನ ಹೇಮಗಿರಿಯಲ್ಲಿ ಹೇಮಾವತಿ ನದಿಗೆ ಅಡ್ಡಲಾಗಿ ಒಂದು ಅಣೆಕಟ್ಟೆಯಿದೆ. ಅಲ್ಲಿಂದ ಹೊರಡುವ ನಾಲೆಯ ನೀರು ಯಾವ ಯಂತ್ರದ ನೆರವೂ ಇಲ್ಲದೆ, ನೆಲದ ಇಳಿಜಾರನ್ನೇ ನಂಬಿ ಗದ್ದೆಗಳನ್ನು ತಲಪುತ್ತದೆ. ನೀರಿಗೆ ಹರಿಯುವ ಗುಣವಿದೆ. ಆ ನೀರನ್ನು ಕುಡಿದು ಬೆಳೆದ ಕಬ್ಬಿಗೆ ಆ ಗುಣವಿಲ್ಲ. ಅದೇ ತಾಲ್ಲೂಕಿನ ಮಾಕವಳ್ಳಿಯ ಸಕ್ಕರೆ ಕಾರ್ಖಾನೆಗೆ ಹೋದ ಕಬ್ಬು ಅಂಗಳದಿಂದ ಅರೆಯುವ ಉರುಳೆಗಳ ಬಾಯಿಯವರೆಗೆ ಏರಬೇಕಾದರೆ ಯಾರಾದರೂ ಅದನ್ನು ಹೊತ್ತೊಯ್ಯಬೇಕು. ಆ ಕೆಲಸ ಮಾಡುವುದು ಸಾಗಣೆ ಸರಪಳಿ, ಅಂದರೆ ಕನ್ವೇಯರ್ ಚೈನ್. ಹರಿಯುವ ವಸ್ತುವಿಗೆ ಕಾಲುವೆ, ಹರಿಯದ ವಸ್ತುವಿಗೆ ಸರಪಳಿ ಎಂದು ಸ್ಥೂಲವಾಗಿ ಹೇಳಬಹುದು.

ಸರಪಳಿಯ ವಿಷಯ ಬಂದಾಗ ನಾವು ಸಾಮಾನ್ಯವಾಗಿ ಅದರ ಬಲವನ್ನು ಕುರಿತು ಮಾತನಾಡುತ್ತೇವೆ. ಎಷ್ಟು ಭಾರ ಎಳೆಯುತ್ತದೆ, ಎಷ್ಟು ಎಳೆದರೆ ತುಂಡಾಗುತ್ತದೆ ಎಂದು ಕೇಳುತ್ತೇವೆ. ಆದರೆ ಸರಪಳಿಯ ಇತಿಹಾಸವನ್ನು ನೋಡಿದರೆ ತಂತ್ರಜ್ಞರನ್ನು ಕಾಡಿದ ಇನ್ನೊಂದು ಪ್ರಶ್ನೆ ಕಾಣುತ್ತದೆ. ಎಳೆದಾಗ ಬಿಡದ ಕೊಂಡಿಯನ್ನು ಬೇಕೆಂದಾಗ ಸುಲಭವಾಗಿ ಬಿಚ್ಚುವುದು ಹೇಗೆ? ಈ ಎರಡು ಬೇಡಿಕೆಗಳು ಒಂದಕ್ಕೊಂದು ವಿರುದ್ಧವಾಗಿವೆ. ಇವನ್ನು ಹೊಂದಿಸಿದ ಬಗೆಯನ್ನು ಈ ಲೇಖನದಲ್ಲಿ ನೋಡೋಣ.

ಗಡಿಗೆಗಳ ಮಾಲೆ

ತುದಿಯಿಲ್ಲದ ಸರಪಳಿಗೆ ಪಾತ್ರೆಗಳನ್ನು ಕಟ್ಟಿ ಏನನ್ನಾದರೂ ಮೇಲೆತ್ತುವ ಉಪಾಯ ಬಹಳ ಹಳೆಯದು. ಸಂಸ್ಕೃತದಲ್ಲಿ ಇದಕ್ಕೆ ಅರಘಟ್ಟ ಎಂಬ ಹೆಸರಿದೆ. ಪಂಚತಂತ್ರದ ಒಂದು ಕಥೆಯಲ್ಲಿ ಗಂಗದತ್ತನೆಂಬ ಕಪ್ಪೆಗಳ ರಾಜ ಬಾವಿಯಿಂದ ಹೊರಬರುವುದು ಈ ಯಂತ್ರದ ಗಡಿಗೆಯ ಸಾಲನ್ನು ಹಿಡಿದೇ. 16ನೆಯ ಶತಮಾನದ ಆರಂಭದಲ್ಲಿ ಬಾಬರ್ ತನ್ನ ಆತ್ಮಕಥೆಯಲ್ಲಿ ಲಾಹೋರ್, ದೀಪಾಲ್‌ಪುರ, ಸರ್‌ಹಿಂದ್ ಕಡೆಯ ಬಾವಿಗಳನ್ನು ವರ್ಣಿಸಿದ್ದಾನೆ. ಎರಡು ಹಗ್ಗಗಳ ನಡುವೆ ಅಡ್ಡ ಕಡ್ಡಿಗಳನ್ನು ಕಟ್ಟಿ, ಅವುಗಳಿಗೆ ಗಡಿಗೆಗಳನ್ನು ಬಿಗಿದು, ಗಾಲಿಯ ಮೇಲೆ ಸುತ್ತಿಸುವ ವಿಧಾನ ಅದು. ನಮ್ಮ ಕಡೆ ಬಾವಿಯ ನೀರೆತ್ತಲು ಏತ ಮತ್ತು ಕಪಿಲೆಗಳು ಬಳಕೆಯಲ್ಲಿದ್ದವು. 1800–01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಇವೆರಡನ್ನೂ ದಾಖಲಿಸಿದ್ದಾನೆ.

ಗಡಿಗೆಗಳ ಮಾಲೆಯಲ್ಲಿ ಒಂದು ಗುಣವನ್ನು ಗಮನಿಸಬೇಕು. ಒಂದು ಗಡಿಗೆ ಒಡೆದರೆ ರೈತನೇ ಹಗ್ಗ ಬಿಚ್ಚಿ ಇನ್ನೊಂದನ್ನು ಕಟ್ಟುತ್ತಾನೆ. ಹಗ್ಗದ ಗಂಟನ್ನು ಹಾಕಲು ಮತ್ತು ಬಿಚ್ಚಲು ಕೈ ಸಾಕು. ಆದರೆ ಹಗ್ಗ ನೀರಿನಲ್ಲಿ ನೆನೆದು ಕೊಳೆಯುತ್ತದೆ, ಹಿಗ್ಗುತ್ತದೆ, ಹಲ್ಲುಗಾಲಿಗೆ ಸರಿಯಾಗಿ ಕೂರುವುದಿಲ್ಲ. ಚೀನಾದ ಸು ಸಾಂಗ್ 11ನೆಯ ಶತಮಾನದ ಕೊನೆಯಲ್ಲಿ ಕಟ್ಟಿಸಿದ ಗಡಿಯಾರದ ಗೋಪುರದಲ್ಲಿ ಲೋಹದ ಸರಪಳಿ ಚಾಲನೆಯನ್ನು ಅಳವಡಿಸಿದ್ದನು. ಲೋಹ ಬಂದಾಗ ಬಲವೂ ನಿಖರತೆಯೂ ಬಂದವು. ಜೊತೆಗೆ ಹೊಸ ತೊಂದರೆಯೂ ಬಂತು: ಕೊಂಡಿಯನ್ನು ಬೆಸೆಯಲು ಅಥವಾ ಬಿಡಿಸಲು ಕಮ್ಮಾರ ಬೇಕಾದನು.

ಸುಗ್ಗಿಯಲ್ಲಿ ತುಂಡಾದ ಸರಪಳಿ

19ನೆಯ ಶತಮಾನದಲ್ಲಿ ಸರಪಳಿ ಕಾರ್ಖಾನೆಯ ವಸ್ತುವಾಯಿತು. 1829ರಲ್ಲಿ ಫ್ರಾನ್ಸಿನ ಆಂದ್ರೆ ಗಾಲ್ ಫಲಕ ಮತ್ತು ಪಿನ್ನುಗಳಿಂದ ಕೂಡಿದ ಸರಪಳಿಯನ್ನು ರೂಪಿಸಿದನು. ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ನೆಲೆಸಿದ ಹ್ಯಾನ್ಸ್ ರೆನಾಲ್ಡ್ 1880ರಲ್ಲಿ ಬುಷ್ ಮತ್ತು ಉರುಳೆ ಇರುವ ಸರಪಳಿಗೆ ಪೇಟೆಂಟ್ ಪಡೆದನು. ನಮ್ಮ ಸೈಕಲ್ಲಿನ ಸರಪಳಿ ಇದೇ ವಂಶದ್ದು. ಇದು ಸವೆತವನ್ನು ಚೆನ್ನಾಗಿ ತಡೆಯುತ್ತದೆ. ಆದರೆ ಪಿನ್ನಿನ ತುದಿಯನ್ನು ಬಡಿದು ಬಿಗಿದಿರುವುದರಿಂದ ಬಿಡಿಸುವುದು ಸುಲಭವಲ್ಲ.

ಇದೇ ಕಾಲದಲ್ಲಿ ಅಮೆರಿಕದ ಐಯೊವಾ ಪ್ರಾಂತ್ಯದ ಬೆಲ್ ಪ್ಲೇನ್ ಎಂಬ ಊರಿನಲ್ಲಿ ವಿಲಿಯಂ ಡಾನಾ ಯೂಅರ್ಟ್ ಎಂಬಾತ ಕೃಷಿ ಉಪಕರಣಗಳ ವ್ಯಾಪಾರ ಮಾಡುತ್ತಿದ್ದನು. ಅಂದಿನ ಕಟಾವು ಯಂತ್ರಗಳ ಚಾಲನೆ ಹೊಲದ ನಡುವೆ ಕೆಟ್ಟರೆ ರೈತ ಅದನ್ನು ಬಿಚ್ಚಿಕೊಂಡು ದುರಸ್ತಿಗೆ ಓಡಬೇಕಿತ್ತು. ಸುಗ್ಗಿಯ ಕಾಲದಲ್ಲಿ ಒಂದು ದಿನ ಹೋದರೆ ಬೆಳೆ ಹೋದಂತೆ. ಯೂಅರ್ಟ್ ಇದಕ್ಕೆ ಕಂಡುಕೊಂಡ ಪರಿಹಾರಕ್ಕೆ 1874ರಲ್ಲಿ ಪೇಟೆಂಟ್ ದೊರೆಯಿತು. ಮೆದುಗೊಳಿಸಿದ ಎರಕದ ಕಬ್ಬಿಣದ ಆಯತಾಕಾರದ ಚೌಕಟ್ಟು ಅವನ ಕೊಂಡಿ. ಚೌಕಟ್ಟಿನ ಒಂದು ಬದಿಯಲ್ಲಿ ದುಂಡನೆಯ ಕಂಬಿ, ಎದುರು ಬದಿಯಲ್ಲಿ ಬಾಯಿ ತೆರೆದ ಕೊಕ್ಕೆ. ಎರಡು ಕೊಂಡಿಗಳನ್ನು ಒಂದರ ಮೇಲೊಂದು ಚೆನ್ನಾಗಿ ಮಡಿಚಿ ಹಿಡಿದರೆ ಮಾತ್ರ ಒಂದರ ಕೊಕ್ಕೆ ಇನ್ನೊಂದರ ಕಂಬಿಯ ಮೇಲೆ ಪಕ್ಕದಿಂದ ಜಾರುತ್ತದೆ. ನೇರ ಮಾಡಿದ ಕೂಡಲೇ ಅದು ಹೊರಬರಲಾರದು. ಉಳಿ, ಸುತ್ತಿಗೆ ಯಾವುದೂ ಬೇಡ.

ಇಲ್ಲಿರುವ ತತ್ತ್ವ ಸರಳವಾದದ್ದು: ಕೊಂಡಿ ಕೂಡುವ ಭಂಗಿಯೇ ಬೇರೆ, ಕೆಲಸ ಮಾಡುವ ಭಂಗಿಯೇ ಬೇರೆ. ಓಡುತ್ತಿರುವ ಸರಪಳಿ ಹಲ್ಲುಗಾಲಿಯ ಮೇಲೆ ಬಾಗಿದರೂ ಅಷ್ಟು ತೀಕ್ಷ್ಣವಾಗಿ ಮಡಚಿಕೊಳ್ಳುವುದಿಲ್ಲ. ಆದ್ದರಿಂದ ಬಿಚ್ಚುವ ಬಾಗಿಲು ಕೆಲಸದ ವೇಳೆ ತಾನಾಗಿ ತೆರೆಯುವ ಸಂಭವವೇ ಇಲ್ಲ. ಕೊಂಡಿಗಳಿಂದಾದ ಈ ಪಟ್ಟಿಗೆ ಲಿಂಕ್-ಬೆಲ್ಟ್ ಎಂಬ ಹೆಸರು ಬಂದು, ಮುಂದೆ ಅದು ಕಂಪನಿಯ ಹೆಸರೂ ಆಯಿತು. ಹೊಲದ ಯಂತ್ರಕ್ಕೆಂದು ಹುಟ್ಟಿದ ಸರಪಳಿ ಬೇಗನೆ ಧಾನ್ಯ ಮತ್ತು ಕಲ್ಲಿದ್ದಲನ್ನು ಸಾಗಿಸುವ ಕೆಲಸಕ್ಕೂ ನಿಂತಿತು.

ಕಬ್ಬಿನ ನಾಡಿನಲ್ಲಿ

ಕಾವೇರಿಗೆ ಕಟ್ಟಿದ ಕೃಷ್ಣರಾಜಸಾಗರ ಮತ್ತು ಅದರ ನಾಲೆಗಳು ಮಂಡ್ಯದ ಬಯಲನ್ನು ಕಬ್ಬಿನ ನಾಡಾಗಿಸಿದವು. ಕೃಷಿ ಇಲಾಖೆಯ ಮುಖ್ಯಸ್ಥರಾಗಿದ್ದ ಲೆಸ್ಲಿ ಕೋಲ್‌ಮನ್ ಅವರ ಪ್ರಯತ್ನ, ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಬೆಂಬಲಗಳಿಂದ 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು. 1950ರ ದಶಕದಲ್ಲಿ ಪಾಂಡವಪುರದ ಸಹಕಾರಿ ಕಾರ್ಖಾನೆ ರೂಪುಗೊಂಡಿತು.

ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ವಾಹಕ ಎಂಬ ಭಾಗವಿರುತ್ತದೆ. ಹಲವು ಸಾಲು ಉಕ್ಕಿನ ಸರಪಳಿಗಳ ಮೇಲೆ ಅಡ್ಡಲಾಗಿ ಉಕ್ಕಿನ ಪಟ್ಟಿಗಳನ್ನು ಬಿಗಿದ, ನಿಧಾನವಾಗಿ ಏರುತ್ತ ಹೋಗುವ ಹಾಸು ಅದು. ಕಬ್ಬು ಇದರ ಮೇಲೆ ಸಾಗಿ ಕತ್ತರಿಸುವ ಅಲಗುಗಳಿಗೆ, ಅಲ್ಲಿಂದ ಉರುಳೆಗಳಿಗೆ ಹೋಗುತ್ತದೆ. ಸಿಪ್ಪೆಯನ್ನು ಕುದಿಪಾತ್ರೆಯ ಒಲೆಗೆ ಒಯ್ಯುವುದೂ ಸರಪಳಿಯೇ. ಎಲ್ಲಿಯಾದರೂ ಒಂದು ಕೊಂಡಿ ಮುರಿದರೆ ಇಡೀ ಸಾಲು ನಿಲ್ಲುತ್ತದೆ. ಕಾರ್ಖಾನೆಯ ಹೊರಗೆ ಗಾಡಿಗಳು, ಟ್ರ್ಯಾಕ್ಟರುಗಳು ಸಾಲುಗಟ್ಟುತ್ತವೆ. ಕಡಿದ ಕಬ್ಬಿನಲ್ಲಿ ಇನ್ವರ್ಟೇಸ್ ಎಂಬ ಕಿಣ್ವ ಸುಕ್ರೋಸನ್ನು ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗಿ ಒಡೆಯುತ್ತಲೇ ಇರುತ್ತದೆ. ಬಿಸಿಲಿಗೆ ತೇವವೂ ಆರುತ್ತದೆ. ಗಾಡಿಯಲ್ಲಿ ಕಾಯುವ ಕಬ್ಬು ತೂಕವನ್ನೂ ಸಕ್ಕರೆಯನ್ನೂ ಕಳೆದುಕೊಳ್ಳುತ್ತದೆ. ಕೊಂಡಿ ಬದಲಿಸಲು ಹಿಡಿಯುವ ಸಮಯವನ್ನು ರೈತನ ಜೇಬಿನಿಂದಲೇ ಅಳೆಯಬಹುದು! ಐಯೊವಾದ ಹೊಲದಲ್ಲಿ ಯೂಅರ್ಟ್ ಕಂಡ ಸಮಸ್ಯೆಗೂ ಇದಕ್ಕೂ ಹೆಚ್ಚಿನ ವ್ಯತ್ಯಾಸವಿಲ್ಲ.

ಕಬ್ಬಿನ ವಾಹಕದ ಭಾರಕ್ಕೆ ಉಕ್ಕೇ ಸರಿ. ಆದರೆ ಇದೇ ಜಿಲ್ಲೆಯ ಇನ್ನೊಂದು ದೊಡ್ಡ ಉತ್ಪನ್ನವಾದ ಹಾಲಿನ ವಿಷಯ ಬೇರೆ. ಹಳ್ಳಿಗಳ ಸಂಘಗಳಿಂದ ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯ ಡೈರಿಗೆ ಹಾಲು ಸೇರುತ್ತದೆ. ಹಾಲು, ಹಣ್ಣಿನ ರಸ, ಕುಡಿಯುವ ನೀರು, ಔಷಧಿ ಮುಂತಾದವನ್ನು ತುಂಬುವ ಘಟಕಗಳಲ್ಲಿ ಸಾಗಿಸಬೇಕಾದ ಭಾರ ಕಡಿಮೆ, ತೊಳೆಯುವ ಕೆಲಸ ಹೆಚ್ಚು. ಅಲ್ಲಿ ತುಕ್ಕು ಕೂಡದು, ಜಿಡ್ಡೆಣ್ಣೆ ಆಹಾರಕ್ಕೆ ತಾಗಕೂಡದು, ಸದ್ದೂ ಕಡಿಮೆಯಿರಬೇಕು. ಪ್ಲಾಸ್ಟಿಕ್ ಸರಪಳಿಗೆ ಎಡೆ ದೊರೆತದ್ದು ಇಂಥ ಕಡೆಗಳಲ್ಲಿ.

ಪ್ಲಾಸ್ಟಿಕ್ಕಿನ ಪ್ರವೇಶ

ಎಲ್ಲ ಪ್ಲಾಸ್ಟಿಕ್ಕೂ ಸರಪಳಿಗೆ ಒದಗದು. ಬೇಕಾದದ್ದು ಗಟ್ಟಿಯಾದ, ನುಣುಪಾದ, ನೀರು ಹೀರದ ಪ್ಲಾಸ್ಟಿಕ್. ಇಂಥ ಗುಣವಿರುವುದು ಪಾಲಿಆಕ್ಸಿಮೀಥಿಲೀನ್. ಇದನ್ನು ಅಸಿಟಾಲ್ ಎಂದೂ ಕರೆಯುತ್ತಾರೆ. ಬಹ್ವಣುಗಳ ರಸಾಯನವಿಜ್ಞಾನಕ್ಕೆ ಬುನಾದಿ ಹಾಕಿ 1953ರಲ್ಲಿ ನೊಬೆಲ್ ಪಾರಿತೋಷಕ ಪಡೆದ ಹರ್ಮನ್ ಸ್ಟೌಡಿಂಗರ್ 1920ರ ದಶಕದಲ್ಲೇ ಇದನ್ನು ಅಧ್ಯಯನ ಮಾಡಿದ್ದರು. ಆದರೆ ಆಗ ದೊರೆತ ವಸ್ತು ಬಿಸಿಗೆ ಒಡೆದು ಮತ್ತೆ ಫಾರ್ಮಾಲ್ಡಿಹೈಡ್ ಆಗುತ್ತಿತ್ತು. ಡುಪಾಂಟ್ ಕಂಪನಿ ಅಣುಸರಣಿಯ ತುದಿಗಳನ್ನು ಮುಚ್ಚಿ ಅದನ್ನು ಸ್ಥಿರಗೊಳಿಸಿತು. ಡೆಲ್ರಿನ್ ಎಂಬ ಹೆಸರಿನಲ್ಲಿ 1960ರಲ್ಲಿ ಅದರ ವಾಣಿಜ್ಯ ಉತ್ಪಾದನೆ ಆರಂಭವಾಯಿತು.

ಇನ್ನೊಂದು ಹೆಜ್ಜೆ ಬಂದದ್ದು ಸಿಗಡಿಯ ಕಾರ್ಖಾನೆಗಳಿಂದ. ಅಮೆರಿಕದ ಲೂಸಿಯಾನಾದ ಜೆ. ಎಂ. ಲಾಪೇರ್ ಸಿಗಡಿಯ ಚಿಪ್ಪು ಸುಲಿಯುವ ಯಂತ್ರವನ್ನು ರೂಪಿಸಿದ್ದವರು. ಉಪ್ಪುನೀರಿನ ಆ ಪರಿಸರದಲ್ಲಿ ಲೋಹದ ಪಟ್ಟಿಗಳು ಬಾಳುತ್ತಿರಲಿಲ್ಲ. 1970ರ ದಶಕದ ಆರಂಭದಲ್ಲಿ ಅವರು ಚಿಕ್ಕ ಚಿಕ್ಕ ಪ್ಲಾಸ್ಟಿಕ್ ತುಂಡುಗಳನ್ನು ಇಟ್ಟಿಗೆ ಗೋಡೆಯಂತೆ ಜೋಡಿಸಿ, ನಡುವೆ ಪ್ಲಾಸ್ಟಿಕ್ ಕಡ್ಡಿ ತೂರಿಸಿದ ಸಾಗಣೆ ಪಟ್ಟಿಯನ್ನು ತಂದರು. ಒಂದು ತುಂಡು ಮುರಿದರೆ ಎರಡು ಕಡ್ಡಿಗಳನ್ನು ಎಳೆದು ಆ ತುಂಡನ್ನಷ್ಟೇ ಬದಲಿಸಿದರಾಯಿತು. ಇಡೀ ಪಟ್ಟಿಯನ್ನು ಎಸೆಯಬೇಕಾಗಿಲ್ಲ.

ಎಣಿಸಿ ನೋಡೋಣ

ಜೋಡಣೆ ಸುಲಭವೋ ಕಷ್ಟವೋ ಎಂಬುದನ್ನು ಅಳೆಯುವುದು ಹೇಗೆ? ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾನಿಲಯದಲ್ಲಿ ಜೆಫ್ರಿ ಬೂತ್‌ರಾಯ್ಡ್ ಮತ್ತು ಪೀಟರ್ ಡ್ಯೂಹರ್ಸ್ಟ್ ಇದಕ್ಕೊಂದು ಶಾಸ್ತ್ರವನ್ನೇ ಕಟ್ಟಿದರು. 1980ರ ದಶಕದಲ್ಲಿ ಅದು ಕಾರ್ಖಾನೆಗಳಿಗೆ ಹರಡಿತು. ಅವರು ಪ್ರತಿಯೊಂದು ಬಿಡಿಭಾಗಕ್ಕೂ ಮೂರು ಪ್ರಶ್ನೆ ಹಾಕಿದರು. ಇದು ಪಕ್ಕದ ಭಾಗಕ್ಕೆ ಹೋಲಿಸಿದರೆ ಚಲಿಸಬೇಕೇ? ಇದರ ವಸ್ತು ಬೇರೆಯೇ ಆಗಿರಬೇಕೇ? ಇತರ ಭಾಗಗಳನ್ನು ಜೋಡಿಸಲು ಇದು ಪ್ರತ್ಯೇಕವಾಗಿರಲೇಬೇಕೇ? ಮೂರಕ್ಕೂ ಉತ್ತರ ಇಲ್ಲ ಎಂದಾದರೆ ಆ ಭಾಗವನ್ನು ಪಕ್ಕದ ಭಾಗದೊಂದಿಗೆ ಒಂದಾಗಿಸಬಹುದು.

ಉರುಳೆ ಸರಪಳಿಯನ್ನು ಹೀಗೆ ಎಣಿಸೋಣ. ಒಳಕೊಂಡಿಯಲ್ಲಿ 2 ಫಲಕ, 2 ಬುಷ್, 2 ಉರುಳೆ. ಹೊರಕೊಂಡಿಯಲ್ಲಿ 2 ಫಲಕ, 2 ಪಿನ್ನು. ಎರಡು ಕೊಂಡಿಗೆ 10 ಭಾಗಗಳು, ಅಂದರೆ ಒಂದು ಕೊಂಡಿಗೆ 5. ಪ್ಲಾಸ್ಟಿಕ್ಕಿನ ಚಪ್ಪಟೆ ಸರಪಳಿಯಲ್ಲಿ ಅಚ್ಚಿನಿಂದ ಬಂದ ಒಂದು ತುಂಡು, ಅದಕ್ಕೊಂದು ಪಿನ್ನು: ಒಟ್ಟು 2. ಪಿನ್ನನ್ನೂ ಕೊಂಡಿಯ ಭಾಗವಾಗಿಸಿ, ಎದುರಿನ ಕೊಂಡಿಯ ಬಾಯಿಗೆ ಒತ್ತಿ ಕೂರಿಸುವ ಬಗೆಯಲ್ಲಿ 1. ಇಂಥ ಸಾಲುಗಳಲ್ಲಿ 38.1 ಮಿಲಿಮೀಟರ್ ಅಂತರದ ಕೊಂಡಿಗಳು ಸಾಮಾನ್ಯ. 10 ಮೀಟರ್ ಉದ್ದಕ್ಕೆ ಸುಮಾರು 262 ಕೊಂಡಿಗಳು ಬೇಕು. ಮೊದಲ ಬಗೆಯಲ್ಲಾದರೆ 1,310 ಭಾಗಗಳು, ಎರಡನೆಯದರಲ್ಲಿ 524, ಮೂರನೆಯದರಲ್ಲಿ 262. ಸ್ವಾರಸ್ಯವೆಂದರೆ 1874ರ ಯೂಅರ್ಟನ ಕೊಂಡಿಯಲ್ಲೂ ಭಾಗ ಒಂದೇ!

ಒತ್ತಿ ಕೂರಿಸುವ ಲೆಕ್ಕ

ಪೆನ್ನಿನ ಮುಚ್ಚಳ, ಊಟದ ಡಬ್ಬಿಯ ಮುಚ್ಚಳ ಟಕ್ ಎಂದು ಕೂರುವುದನ್ನು ನೋಡಿದ್ದೇವೆ. ಪ್ಲಾಸ್ಟಿಕ್ ಕೊಂಡಿಯ ಬಾಯಿ ಕೂಡ ಹೀಗೆಯೇ ಕ್ಷಣಕಾಲ ಅಗಲವಾಗಿ, ಪಿನ್ನು ಒಳಸೇರಿದ ಮೇಲೆ ಮೊದಲಿನ ಸ್ಥಿತಿಗೆ ಮರಳುತ್ತದೆ. ಇದು ಉಕ್ಕಿನಲ್ಲಿ ಏಕೆ ಆಗದು?

ಕೊಂಡಿಯ ಬಾಯಿಯ ತುಟಿಯನ್ನು ಒಂದು ತುದಿ ಬಿಗಿದ ಪಟ್ಟಿಯೆಂದು ಭಾವಿಸೋಣ. ಅದು ಬಾಗಿದಾಗ ಬುಡದಲ್ಲಿ ಉಂಟಾಗುವ ವಿಕೃತಿ (ಮೂಲ ಉದ್ದಕ್ಕೆ ಹೋಲಿಸಿದರೆ ಹಿಗ್ಗಿದ ಪ್ರಮಾಣ) ಪಟ್ಟಿಯ ದಪ್ಪ, ಬಾಗಿದ ದೂರ ಮತ್ತು 1.5 ಇವುಗಳ ಗುಣಲಬ್ಧವನ್ನು ಉದ್ದದ ವರ್ಗದಿಂದ ಭಾಗಿಸಿದಷ್ಟು. ದಪ್ಪ 3 ಮಿಲಿಮೀಟರ್, ಉದ್ದ 15 ಮಿಲಿಮೀಟರ್, ಬಾಗಬೇಕಾದ ದೂರ 1 ಮಿಲಿಮೀಟರ್ ಇರಲಿ. ಆಗ ವಿಕೃತಿ 4.5ನ್ನು 225ರಿಂದ ಭಾಗಿಸಿದಷ್ಟು, ಅಂದರೆ ಶೇಕಡ 2. ಅಸಿಟಾಲ್ ಇದನ್ನು ತಾಳಿಕೊಂಡು ಮರಳುತ್ತದೆ. ಮೆದು ಉಕ್ಕು ಸುಮಾರು ಶೇಕಡ 0.12ಕ್ಕಿಂತ ಹೆಚ್ಚು ಹಿಗ್ಗಿದರೆ ಶಾಶ್ವತವಾಗಿ ಸೊಟ್ಟಗಾಗುತ್ತದೆ.

ಬೇಕಾಗುವ ಬಲವನ್ನೂ ನೋಡೋಣ. ಪಟ್ಟಿಯ ಅಗಲ 6 ಮಿಲಿಮೀಟರ್, ಅಸಿಟಾಲಿನ ಯಂಗ್ ಗುಣಾಂಕ 2,800 ಮೆಗಾಪಾಸ್ಕಲ್ ಎಂದಿಟ್ಟುಕೊಂಡರೆ ತುಟಿಯನ್ನು 1 ಮಿಲಿಮೀಟರ್ ಬಾಗಿಸಲು ಸುಮಾರು 34 ನ್ಯೂಟನ್ ಸಾಕು. ಇದು ಮೂರೂವರೆ ಕಿಲೋಗ್ರಾಂ ಭಾರಕ್ಕೆ ಸಮ, ಹೆಬ್ಬೆರಳಿನ ಶಕ್ತಿಗೆ ಒಳಪಟ್ಟದ್ದು. ಉಕ್ಕಿನ ಗುಣಾಂಕ ಇದರ ಸುಮಾರು 70 ಪಟ್ಟು. ಅಷ್ಟೇ ಬಾಗಲು ಅದಕ್ಕೆ 2,400 ನ್ಯೂಟನ್ ಬೇಕಾಗುತ್ತಿತ್ತು. ಉಕ್ಕಿನ ಮುಂದೆ ದುರ್ಬಲವೆಂದು ಕಾಣುವ ಗುಣವೇ ಇಲ್ಲಿ ಉಪಕಾರಿ.

ಆದರೆ ಪ್ಲಾಸ್ಟಿಕ್ಕಿಗೆ ಒಂದು ದೌರ್ಬಲ್ಯವಿದೆ. ಬಹುಕಾಲ ಬಾಗಿಸಿ ಹಿಡಿದರೆ ಅದು ನಿಧಾನವಾಗಿ ಆ ಆಕಾರಕ್ಕೇ ಒಗ್ಗಿಕೊಂಡು ಬಿಗಿ ಕಳೆದುಕೊಳ್ಳುತ್ತದೆ. ಆದ್ದರಿಂದ ತುಟಿ ಜೋಡಿಸುವ ಕ್ಷಣದಲ್ಲಿ ಮಾತ್ರ ಬಾಗಬೇಕು. ಆಮೇಲೆ ಅದು ನಿರಾಳವಾಗಿರಬೇಕು. ಸರಪಳಿಯ ಎಳೆತವನ್ನು ಬಾಯಿಯ ಹಿಂದಿನ ದಪ್ಪ ಗೋಡೆ ಹೊರಬೇಕು, ತುಟಿ ಹೊರಬಾರದು. ಇದಕ್ಕಾಗಿ ಬಾಯಿಯನ್ನು ಎಳೆತದ ದಿಕ್ಕಿಗೆ ಅಡ್ಡಲಾಗಿ, ಮೇಲಕ್ಕೋ ಕೆಳಕ್ಕೋ ತೆರೆಯುವಂತೆ ಇಡುತ್ತಾರೆ. ಕೂಡುವ ಭಂಗಿ ಬೇರೆ, ಕೆಲಸದ ಭಂಗಿ ಬೇರೆ ಎಂಬ ಯೂಅರ್ಟನ ತತ್ತ್ವವೇ ಇಲ್ಲಿ ಹೊಸ ವೇಷದಲ್ಲಿ ಬಂದಿದೆ.

ಅಚ್ಚಿನ ಮನೆಯ ತೊಡಕುಗಳು

ಕಾಗದದ ಮೇಲೆ ಸರಿಹೋದ ಕೊಂಡಿ ಅಚ್ಚಿನಲ್ಲೂ ಸರಿಹೋಗಬೇಕು. ಅಸಿಟಾಲ್ ಅಚ್ಚಿನಲ್ಲಿ ತಣಿಯುವಾಗ ಸುಮಾರು ಶೇಕಡ 2ರಷ್ಟು ಕುಗ್ಗುತ್ತದೆ. ಅಚ್ಚನ್ನು ಅಷ್ಟು ದೊಡ್ಡದಾಗಿ ಕೊರೆದರೆ ಸಾಲದೇ ಎನ್ನಬಹುದು. ಆದರೆ ಕುಗ್ಗುವಿಕೆ ಶೇಕಡ 0.1ರಷ್ಟು ಏರುಪೇರಾದರೂ ಒಂದು ಕೊಂಡಿಯಲ್ಲಿ ಕಣ್ಣಿಗೆ ಕಾಣದ ಆ ದೋಷ 10 ಮೀಟರಿನ ಸರಪಳಿಯಲ್ಲಿ 10 ಮಿಲಿಮೀಟರ್ ಆಗುತ್ತದೆ. ಬಿಸಿಯಿಂದಲೂ ಉದ್ದ ಬದಲಾಗುತ್ತದೆ. ಉಷ್ಣತೆ 20 ಡಿಗ್ರಿ ಏರಿದರೆ 10 ಮೀಟರ್ ಉಕ್ಕಿನ ಸರಪಳಿ ಸುಮಾರು 2.4 ಮಿಲಿಮೀಟರ್ ಹಿಗ್ಗುತ್ತದೆ, ಅಸಿಟಾಲ್ ಸುಮಾರು 22 ಮಿಲಿಮೀಟರ್. ಆದ್ದರಿಂದ ಪ್ಲಾಸ್ಟಿಕ್ ಸರಪಳಿಯನ್ನು ಬಿಗಿಯಾಗಿ ಎಳೆದು ಕಟ್ಟುವುದಿಲ್ಲ. ಹಿಂದಿರುಗುವ ಕೆಳಭಾಗದಲ್ಲಿ ಸ್ವಲ್ಪ ಜೋಲು ಬಿಡುತ್ತಾರೆ.

ಜೋಡಿಸುವವರ ಕೈಯನ್ನೂ ನೆನೆಯಬೇಕು. ಪಿನ್ನನ್ನು ಎರಡು ಕಡೆಯಿಂದಲೂ ತೂರಿಸಲು ಬರಬೇಕು. ಕೊಂಡಿಯನ್ನು ತಿರುಗುಮುರುಗಾಗಿ ಹಿಡಿದರೆ ಅದು ಕೂರಲೇಬಾರದು. ತಪ್ಪಾಗಿ ಕೂರುವ ಕೊಂಡಿ ಕೂರದ ಕೊಂಡಿಗಿಂತ ಅಪಾಯಕಾರಿ. ಆಹಾರ ಘಟಕಗಳಲ್ಲಿ ಸಾಗಣೆ ಪಟ್ಟಿಗಳಿಗೆ ಹೆಚ್ಚಾಗಿ ನೀಲಿ ಬಣ್ಣ ಕೊಡುವುದಕ್ಕೂ ಕಾರಣವಿದೆ. ನೀಲಿ ಬಣ್ಣದ ಆಹಾರ ಅಪರೂಪವಾದ್ದರಿಂದ ಚೂರು ಮುರಿದು ಬಿದ್ದರೆ ಬೇಗ ಕಣ್ಣಿಗೆ ಬೀಳುತ್ತದೆ.

ಸುಲಭ ಯಾರಿಗೆ?

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಸುಲಭ ಜೋಡಣೆ ಎಂದಾಕ್ಷಣ ಸುಲಭ ದುರಸ್ತಿ ಎಂದಾಗುವುದಿಲ್ಲ. ಒಮ್ಮೆ ಒತ್ತಿದರೆ ಮತ್ತೆ ಬಿಚ್ಚಲಾಗದ ಕೊಂಡಿಯನ್ನೂ ವಿನ್ಯಾಸ ಮಾಡಬಹುದು. ತುಟಿಯ ಒಳಮುಖದ ಕೋನವನ್ನು ಓರೆಯಾಗಿಟ್ಟರೆ ಅದು ಬಿಚ್ಚುತ್ತದೆ, ಲಂಬವಾಗಿಟ್ಟರೆ ಬಿಚ್ಚುವುದಿಲ್ಲ. ತಯಾರಕನಿಗೆ ಎರಡೂ ಅಷ್ಟೇ ಸುಲಭ. ಬಳಸುವವನಿಗೆ ಇವುಗಳ ನಡುವೆ ಬಹಳ ಅಂತರವಿದೆ. ಯೂಅರ್ಟನ ಕೊಂಡಿಯನ್ನು ಬಿಚ್ಚಲು ರೈತನ ಕೈಯೇ ಸಾಕಾಗಿತ್ತು. ಪ್ಲಾಸ್ಟಿಕ್ ಕೊಂಡಿಯೂ ಅದೇ ಅಳತೆಗೋಲಿಗೆ ನಿಲ್ಲಬೇಕು. ಬಿಡಿಕೊಂಡಿ ಹತ್ತಿರದ ಪೇಟೆಯಲ್ಲಿ ಸಿಗಬೇಕು, ಅಂತರ ಮತ್ತು ಅಗಲ ಒಂದು ಮಾನಕಕ್ಕೆ ಒಳಪಟ್ಟಿರಬೇಕು.

ಈ ವಿಷಯವನ್ನು ತರಗತಿಯಲ್ಲಿ ತಿಳಿಸಲು ದುಬಾರಿ ಉಪಕರಣಗಳು ಬೇಡ. ಹಳೆಯ ಸೈಕಲ್ ಸರಪಳಿಯ ಒಂದು ತುಂಡನ್ನು ತಂದು ವಿದ್ಯಾರ್ಥಿಗಳಿಂದ ಬಿಡಿಭಾಗಗಳನ್ನು ಎಣಿಸಿರಿ, ಮೂರು ಪ್ರಶ್ನೆಗಳನ್ನು ಹಾಕಿಸಿರಿ. ಬಿಚ್ಚಲು ಬರುವ ಒಂದೇ ಕೊಂಡಿಯ ಸ್ಪ್ರಿಂಗ್ ಕ್ಲಿಪ್ಪನ್ನು ತೋರಿಸಿರಿ. ಅದರ ಮುಚ್ಚಿದ ತುದಿ ಸರಪಳಿ ಚಲಿಸುವ ದಿಕ್ಕಿಗೆ ಇರಬೇಕು, ಏಕೆಂದರೆ ಏನಾದರೂ ತಾಗಿದರೆ ಕ್ಲಿಪ್ಪು ಬಿಚ್ಚಿಕೊಳ್ಳುವ ಬದಲು ಇನ್ನೂ ಬಿಗಿಯಾಗುತ್ತದೆ. ಆಮೇಲೆ ದಪ್ಪ ರಟ್ಟಿನಲ್ಲಿ ಯೂಅರ್ಟನ ಕೊಂಡಿಯ ಮಾದರಿಯನ್ನು ಕತ್ತರಿಸಿ, ಮಡಿಚಿದಾಗ ಮಾತ್ರ ಬಿಚ್ಚುವುದನ್ನು ಮಾಡಿ ನೋಡಲಿ. ಅನುಕೂಲವಿದ್ದರೆ ಪ್ಲಾಸ್ಟಿಕ್ ತಂತ್ರಜ್ಞಾನವನ್ನು ಕಲಿಸುವ ಮೈಸೂರಿನ ಸಿಪೆಟ್ ಕೇಂದ್ರಕ್ಕೋ ಹತ್ತಿರದ ಸಕ್ಕರೆ ಕಾರ್ಖಾನೆಗೋ ಅನುಮತಿ ಪಡೆದು ಕರೆದೊಯ್ಯಬಹುದು. ಅಲ್ಲಿ ವಿದ್ಯಾರ್ಥಿಗಳು ಕೇಳಬೇಕಾದ ಮೊದಲ ಪ್ರಶ್ನೆ ಇದು: ಈ ಸರಪಳಿಯಲ್ಲಿ ಒಂದು ಕೊಂಡಿ ಮುರಿದರೆ ಅದನ್ನು ಬದಲಿಸಲು ಎಷ್ಟು ಹೊತ್ತು ಬೇಕು, ಯಾವ ಉಪಕರಣ ಬೇಕು?